ಅಂಚಿನಲ್ಲಿ ಬರೆದ ಸೊ

ನಮ್ಮ ಮನೆಯಲ್ಲಿ ಇರುವವರು ಮೂವರು. ಅದರಲ್ಲಿ ಇಬ್ಬರು ಸದ್ದು ಮಾಡಿ ಹೊಟ್ಟೆ ಹೊರೆಯುತ್ತೇವೆ, ಒಬ್ಬರು ಸದ್ದು ಮಾಡದೆ. ಸದ್ದು ಮಾಡದವರು ನಮ್ಮವರು. ಲೈಬ್ರರಿಯಲ್ಲಿ ಕೆಲಸ, ಮನೆಯ ಬಾಗಿಲನ್ನೂ ಪುಸ್ತಕದ ಪುಟ ತಿರುವಿದ ಹಾಗೆಯೇ ತೆರೆಯುತ್ತಾರೆ. ಸದ್ದು ಮಾಡುವವರು ಅವರ ತಾಯಿ, ಅಂದರೆ ನನ್ನ ಅತ್ತೆ, ಮತ್ತು ನಾನು.

ಸಿನಿಮಾದಲ್ಲಿ ಕೇಳುವ ಹೆಜ್ಜೆ ಸದ್ದು ಆ ನಟಿಯ ಕಾಲಿನದೇ ಎಂದು ನೀವು ಅಂದುಕೊಂಡಿದ್ದರೆ ತಪ್ಪು ನಿಮ್ಮದಲ್ಲ. ಹಾಗೆ ಅಂದುಕೊಳ್ಳಲಿ ಎಂದೇ ನಾವು ಇರುವುದು. ಚಿತ್ರೀಕರಣದ ದಿನ ಮೈಕಿಗೆ ಮಾತು ಹಿಡಿಯುವಷ್ಟರಲ್ಲೇ ಸಾಕುಬೇಕಾಗಿರುತ್ತದೆ. ಹೆಜ್ಜೆ, ಬಟ್ಟೆಯ ಸರಸರ, ಲೋಟ ಇಟ್ಟದ್ದು, ಬೀಗ ತೆಗೆದದ್ದು, ಇವೆಲ್ಲ ಆಮೇಲೆ ಮುಚ್ಚಿದ ಕೋಣೆಯೊಂದರಲ್ಲಿ ಪರದೆ ನೋಡುತ್ತಾ ಬೇರೆ ಯಾರೋ ಮಾಡಿ ಸೇರಿಸುವಂಥವು. ಆ ಬೇರೆ ಯಾರೋ ನಲವತ್ತು ವರ್ಷದಿಂದ ನನ್ನ ಅತ್ತೆ. ಅವರು ಪೊಲೀಸರಾಗಿ ಓಡಿದ್ದಾರೆ, ಕಳ್ಳರಾಗಿ ಗೋಡೆ ಹಾರಿದ್ದಾರೆ, ಎರಡು ತೆಂಗಿನ ಚಿಪ್ಪು ಹಿಡಿದು ಕುದುರೆಯಾಗಿದ್ದಾರೆ. ಅರವತ್ತಮೂರು ವಯಸ್ಸಿನ, ಐದಡಿಗೆ ಎರಡಂಗುಲ ಕಡಿಮೆ ಇರುವ ಈ ಹೆಂಗಸು ಕುಸ್ತಿಪಟುವಾಗಿ ನಡೆದು ಬರುವುದನ್ನು ಕಣ್ಣು ಮುಚ್ಚಿ ಕೇಳಿದರೆ ನೀವು ದಾರಿ ಬಿಟ್ಟು ನಿಲ್ಲುತ್ತೀರಿ.

ನನ್ನ ಪಾಲಿನ ಕೆಲಸ ಪಟ್ಟಿ. ಮೊದಲ ಸಲ ಪೆನ್ನು ಮುಟ್ಟದೆ ಇಡೀ ಸಿನಿಮಾ ನೋಡುತ್ತೇನೆ. ಎರಡನೇ ಸಲ ಬರೀ ಕಾಲು ನೋಡುತ್ತೇನೆ. ಮೂರನೇ ಸಲ ಕೈ ಮತ್ತು ಸಾಮಾನು. ಯಾವ ನಿಮಿಷ, ಯಾರು, ಕಾಲಲ್ಲಿ ಏನು, ಹೇಗೆ ನಡೆದರು ಎಂದೆಲ್ಲ ಬರೆಯುತ್ತೇನೆ. "ಹೇಗೆ" ಎನ್ನುವ ಕಾಲಮ್ಮಿನಲ್ಲಿ ನನ್ನ ಜಾಣತನವೆಲ್ಲ ಇರುತ್ತದೆ: ದಡದಡ, ಟಪಟಪ, ಕಾಲೆಳೆಯುತ್ತಾ, ಮುನಿಸಿಕೊಂಡು. ಆಮೇಲೆ ಅತ್ತೆ ಒಂದು ಮಧ್ಯಾಹ್ನ ಕೂತು ಪಟ್ಟಿಯ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಒಂದೊಂದೇ ಅಕ್ಷರ ಬರೆಯುತ್ತಾರೆ. ಪೂರ್ತಿ ಪದ ಬರೆಯುವ ತಾಳ್ಮೆ ಅವರಿಗಿಲ್ಲ. "ಓ" ಎಂದರೆ ಓಟ, "ಚ" ಎಂದರೆ ಚಪ್ಪಲಿ. ಆ ಅಕ್ಷರ ನೋಡಿಕೊಂಡು ನಾನು ಸಾಮಾನು ಜೋಡಿಸಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಂತ್ರಿಯೊಬ್ಬ ಭಾಷಣ ಮಾಡುವ ದೃಶ್ಯದ ಪಕ್ಕ "ಬ" ಎಂದು ಬರೆದಿದ್ದರು. ನಾನು ಬಕೆಟ್ ತುಂಬ ನೀರು ತಂದಿಟ್ಟೆ.

"ಮಂತ್ರಿ ಭಾಷಣದ ಮಧ್ಯೆ ಸ್ನಾನ ಮಾಡ್ತಾನಾ?" ಎಂದು ಅತ್ತೆ ಕೇಳಿದರು. ಬ ಎಂದರೆ ಬಟ್ಟೆಯಂತೆ, ಅವನು ಕೋಟು ಸರಿಮಾಡಿಕೊಳ್ಳುವ ಸದ್ದಂತೆ.

"ಇನ್ನೆರಡು ಅಕ್ಷರ ಬರೆದ್ರೆ ಪೆನ್ಸಿಲ್ ಸವೆದು ಹೋಗುತ್ತಾ?" ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅತ್ತೆ ನಕ್ಕರೇ ಹೊರತು ಅಕ್ಷರ ಹೆಚ್ಚಿಸಲಿಲ್ಲ. ಹೀಗೆ ಒಂಬತ್ತು ವರ್ಷ.

ಈ ಸಲದ ಸಿನಿಮಾ ಒಬ್ಬ ನರ್ಸಿನ ಕಥೆ. ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳಲು ಅವಳು ಒಂದು ದೊಡ್ಡ ಮನೆಗೆ ಬಂದು ಸೇರುತ್ತಾಳೆ. ಮಾತು ಕಡಿಮೆ, ಓಡಾಟ ಹೆಚ್ಚು. ನಿರ್ದೇಶಕರು ಮೆಲುಮಾತಿನ ಮನುಷ್ಯ. ಮೊದಲ ದಿನವೇ ಅತ್ತೆಯ ಮುಂದೆ ಕೂತು, "ಅಮ್ಮಾ, ಇವಳ ಮನಸ್ಸಲ್ಲಿ ಏನಿದೆ ಅಂತ ಹೇಳೋಕೆ ನಾನು ಡೈಲಾಗ್ ಬರೆದಿಲ್ಲ. ನಿಮ್ಮ ಕಾಲೇ ಹೇಳಬೇಕು" ಎಂದಿದ್ದರು. ಅತ್ತೆ "ನೋಡೋಣ" ಎಂದರು. ಇದೇ ತನ್ನ ಕೊನೆಯ ಸಿನಿಮಾ ಎಂದು ಅವರು ಡಾಕ್ಟರಿಗೆ ಆಗಲೇ ಮಾತು ಕೊಟ್ಟಿದ್ದರು. ಮೊಣಕಾಲು ವರ್ಷದಿಂದ ತಕರಾರು ತೆಗೆದಿತ್ತು.

ಎಂಟು ರೀಲಿನಲ್ಲಿ ಐದು ಮುಗಿಯುತ್ತಾ ಬಂದ ದಿನ, ಅತ್ತೆ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ನಲವತ್ತು ವರ್ಷದಲ್ಲಿ ನಾನು ಸರಿಯಾಗಿ ನಡೆದದ್ದು ಇದೊಂದೇ ಸಿನಿಮಾದಲ್ಲಿ" ಎಂದರು. ಅವರ ಬಾಯಲ್ಲಿ ಅಂಥ ಮಾತು ಅದುವರೆಗೆ ಕೇಳಿರಲಿಲ್ಲ. ಸಂತೋಷ ತಡೆಯಲಾರದೆ, "ಟೀ ಕುಡೀತೀರಾ?" ಎಂದೆ.

ಟೀ ಕುಡಿದ ಮೇಲೆ ಆ ರೀಲಿನ ಕೊನೆಯ ಚೂರು ಇತ್ತು: ನರ್ಸು ಮೆಟ್ಟಿಲಿಳಿದು ಓಡುವುದು. ನಮ್ಮ ಕೋಣೆಯಲ್ಲಿ ಅದಕ್ಕೆಂದೇ ಐದು ಮೆಟ್ಟಿಲಿನ ಮರದ ಕಟ್ಟೆಯಿದೆ. ನಾನು ಮಾಡ್ತೀನಿ ಎಂದೆ. "ನೀನು ಪಟ್ಟಿ ಹಿಡ್ಕೋ" ಎಂದರು. ನಾಲ್ಕನೇ ಮೆಟ್ಟಿಲಲ್ಲಿ ಅವರ ಮೊಣಕಾಲು ಕೈ ಕೊಟ್ಟಿತು. ಲಟಕ್ ಎಂದದ್ದು ನನಗೂ ಕೇಳಿಸಿತು, ಮೈಕಿಗೂ ಕೇಳಿಸಿತು.

ಕೋಣೆಯ ಗಾಜಿನ ಗೋಡೆಯ ಆಚೆಯಿಂದ ಸೈಲೆನ್ಸಣ್ಣ ಓಡಿ ಬಂದ. ಅವನು ನಮ್ಮ ರೆಕಾರ್ಡಿಸ್ಟು. ಎಲ್ಲರಿಗಿಂತ ಜೋರಾಗಿ "ಸೈಲೆನ್ಸ್" ಎಂದು ಕಿರುಚುವುದರಿಂದ ಆ ಹೆಸರು. ಅತ್ತೆಯನ್ನು ಎತ್ತಿ ಕೂರಿಸಿ, ಅವರು ಉಸಿರಾಡುತ್ತಿದ್ದಾರೆ ಎಂದು ಖಾತ್ರಿಯಾದ ಮೇಲೆ ತಲೆ ಕೆರೆದುಕೊಂಡು, "ಅಮ್ಮಾ, ಆ ಸದ್ದು ರೆಕಾರ್ಡ್ ಆಗಿದೆ. ಮೂಳೆ ಮುರಿಯೋ ಸೀನಿಗೆ ಇಟ್ಕೊಳ್ಳಲಾ?" ಎಂದ.

"ಇಟ್ಕೋ" ಎಂದರು ಅತ್ತೆ, ನೋವಿಗೆ ಹಲ್ಲು ಕಚ್ಚಿಕೊಂಡು. "ಆದ್ರೆ ಕ್ಯಾರೆಟ್ ಮುರಿದ್ರೆ ಇನ್ನೂ ಚೆನ್ನಾಗಿ ಬರುತ್ತೆ."

ಕಾಲಿಗೆ ಪಟ್ಟಿ ಕಟ್ಟಿ, ಆರು ವಾರ ಭಾರ ಊರುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ಇದು ಸೋಮವಾರ. ಮಂಗಳವಾರ ಬೆಳಿಗ್ಗೆ ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ತಪ್ಪು ತಿಳ್ಕೋಬೇಡಿ. ಒಬ್ಬ ಹೆಂಗಸಿಗೆ ಅರ್ಧ ಸಿನಿಮಾ ಒಂದು ಜೊತೆ ಕಾಲು, ಇನ್ನರ್ಧ ಇನ್ನೊಂದು ಜೊತೆ ಕಾಲು ಇರೋಕಾಗಲ್ಲ. ಜನಕ್ಕೆ ಏನಾಯ್ತು ಅಂತ ಗೊತ್ತಾಗದೇ ಇರಬಹುದು, ಏನೋ ಆಯ್ತು ಅಂತ ಗೊತ್ತಾಗುತ್ತೆ. ಶುಕ್ರವಾರ ಬೇರೆ ಕಲಾವಿದರು ಬರ್ತಿದಾರೆ. ಮೊದಲಿಂದ ಎಂಟೂ ರೀಲು ಅವರೇ ಮಾಡ್ತಾರೆ."

"ಅತ್ತೆ ಮಾಡಿದ ಐದು ರೀಲು?"

ಅವರು ನೆಲ ನೋಡಿದರು. ತೆಗೆದು ಹಾಕುತ್ತಾರೆ ಎಂದರ್ಥ. ನಲವತ್ತು ವರ್ಷದಲ್ಲಿ ಸರಿಯಾಗಿ ನಡೆದ ಒಂದೇ ಒಂದು ನಡಿಗೆ, ಇನ್ನು ಮುಂದೆ ನಡೆಯಲಾರದ ನಡಿಗೆ, ಅದನ್ನು ಯಾರೂ ಕೇಳುವುದಿಲ್ಲ ಎಂದರ್ಥ.

"ಮೂರು ದಿನ ಟೈಮ್ ಕೊಡಿ" ಎಂದೆ. "ಆ ಮೆಟ್ಟಿಲು, ಉಳಿದ ಮೂರು ರೀಲು ನಾನು ನಡೀತೀನಿ. ಅವರ ಹೆಜ್ಜೆಗೆ ಕೂಡದೇ ಹೋದ್ರೆ ನಾನೇ ಸುಮ್ಮನಾಗ್ತೀನಿ." ನಾನು ಸುಮ್ಮನಾಗುವುದು ಎಂಥ ದೊಡ್ಡ ಮಾತು ಎಂದು ಅವರಿಗೆ ಗೊತ್ತಿತ್ತು. ಒಪ್ಪಿಕೊಂಡರು.

ಮನೆಗೆ ಹೋಗಿ ಅತ್ತೆಗೆ ಈ ಯಾವುದನ್ನೂ ಹೇಳಲಿಲ್ಲ. ಉಳಿದದ್ದನ್ನು ನಾನು ಮಾಡುತ್ತಿದ್ದೇನೆ, ಎಲ್ಲ ಸಲೀಸು ಎಂದಷ್ಟೇ ಹೇಳಿದೆ. ನೋವಿನ ಕಾಲಿಟ್ಟುಕೊಂಡು ಮಲಗಿದವರಿಗೆ ನಿಮ್ಮ ಕೆಲಸ ಕಸಕ್ಕೆ ಹೋಗಬಹುದು ಎಂದು ಯಾವ ಬಾಯಲ್ಲಿ ಹೇಳಲಿ?

ನಮ್ಮ ಕೋಣೆಯನ್ನು ಒಮ್ಮೆ ನೋಡಿದವರು ಗುಜರಿ ಅಂಗಡಿ ಎನ್ನುತ್ತಾರೆ. ನೆಲದಲ್ಲಿ ಚೌಕ ಚೌಕವಾಗಿ ಕಲ್ಲು, ಮರ, ಸಿಮೆಂಟು, ಮರಳು, ಜಲ್ಲಿ. ಗೋಡೆಗೆ ಒರಗಿಸಿದ ಒಂದು ಬಾಗಿಲು, ಚೌಕಟ್ಟು ಹೊಸ್ತಿಲು ಸಮೇತ. ಅದರ ಹಿಂದೆ ಯಾವ ಕೋಣೆಯೂ ಇಲ್ಲ. ಹಳೆಯ ಶೂ, ಚಪ್ಪಲಿ ನಲವತ್ತು ಜೊತೆ. ನರ್ಸಿನದು ರಬ್ಬರ್ ಅಟ್ಟೆಯ ಬಿಳಿ ಶೂ. ಅತ್ತೆಯ ಕಾಲಿಗೆ ಸರಿಯಾದದ್ದು ನನಗೆ ಬಿಗಿ. ಬೆರಳು ಮಡಚಿಕೊಂಡು ಹಾಕಿಕೊಂಡೆ.

ಮಂಗಳವಾರವಿಡೀ ಅತ್ತೆಯ ಹಾಗೆ ನಡೆದೆ. ಅವರು ಹೇಗೆ ಬೆನ್ನು ಬಗ್ಗಿಸುತ್ತಾರೆ, ಹೇಗೆ ತುಟಿ ಒತ್ತಿ ಹಿಡಿಯುತ್ತಾರೆ ಎಲ್ಲ ನೆನಪು ಮಾಡಿಕೊಂಡು ನಡೆದೆ. ಸೈಲೆನ್ಸಣ್ಣ ಐದನೇ ರೀಲಿನ ಬಾಲಕ್ಕೆ ನನ್ನ ಆರನೇ ರೀಲಿನ ತಲೆ ಜೋಡಿಸಿ ಕೇಳಿಸಿದ. ಯಾರೋ ನರ್ಸನ್ನು ದಾರಿಯಲ್ಲಿ ಇಳಿಸಿ ಅವಳ ಬಟ್ಟೆ ಹಾಕಿಕೊಂಡು ಬಂದ ಹಾಗಿತ್ತು. ಅವನು ಕನ್ನಡಕ ಒರೆಸಿಕೊಂಡ. ಅದು ಬೈಗುಳಕ್ಕಿಂತ ಕಷ್ಟ.

ಬುಧವಾರ ಬೆಳಿಗ್ಗೆ ಪಟ್ಟಿಯ ಅಂಚನ್ನು ಮತ್ತೆ ನೋಡಿದೆ. ನರ್ಸಿನ ಹೆಜ್ಜೆ ಎಲ್ಲೆಲ್ಲಿ ಇದೆಯೋ ಹೆಚ್ಚುಕಡಿಮೆ ಅಲ್ಲೆಲ್ಲ ಕೆಂಪು ಪೆನ್ಸಿಲಿನಲ್ಲಿ "ಸೊ" ಎಂದಿತ್ತು. ಒಂದನೇ ರೀಲಿನಿಂದಲೂ ಇತ್ತು. ಅದಕ್ಕೆಂದು ಸಾಮಾನೇನೂ ಜೋಡಿಸಬೇಕಾಗಿರಲಿಲ್ಲ, ಹಾಗಾಗಿ ನಾನು ಕೇಳಿರಲಿಲ್ಲ. ಈಗ ನನ್ನ ಕಿವಿ ನೆಟ್ಟಗಾದವು. ಗುಟ್ಟು ಇಲ್ಲೇ ಇದೆ.

ಸೊ ಎಂದರೆ ಸೊಟ್ಟ. ಪಾದ ಸೊಟ್ಟಗಿಟ್ಟು, ಅಂಚಿನ ಮೇಲೆ ಭಾರ ಹಾಕಿ ನಡೆಯುವುದು. ಅತ್ತೆಯ ನೋವಿನ ಮೊಣಕಾಲಿಗೆ ಹಾಗೆ ನಡೆಯುವುದೇ ಅನುಕೂಲವಾಗಿದ್ದಿರಬೇಕು ಎಂದು ಲೆಕ್ಕ ಹಾಕಿ, ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು, ಮಧ್ಯಾಹ್ನದವರೆಗೆ ಸೊಟ್ಟಗೆ ನಡೆದೆ.

"ನರ್ಸ್‌ಗೆ ಕಾಲು ಉಳುಕಿದೆಯಾ?" ಎಂದರು ನಿರ್ದೇಶಕರು.

ಹಾಗಾದರೆ ಸೊಂಟ. ಹೆಜ್ಜೆ ಸೊಂಟದಿಂದ ಶುರುವಾಗಬೇಕು. ಮಾಡಿದೆ. "ಈಗ ಯಾರೋ ಫ್ಯಾಶನ್ ಶೋಗೆ ಹೊರಟ ಹಾಗಿದೆ" ಎಂದ ಸೈಲೆನ್ಸಣ್ಣ. ನಮ್ಮವರಿಗೆ ಫೋನ್ ಮಾಡಿ ಲೈಬ್ರರಿಯ ನಿಘಂಟಿನಲ್ಲಿ ಸೊ ಅಕ್ಷರದ ಪುಟಗಳ ಫೋಟೋ ತೆಗೆದು ಕಳಿಸಿ ಎಂದೆ. ಯಾಕೆ ಎಂದು ಕೇಳದೆ ಕಳಿಸಿದರು. ಅದು ಅವರ ದೊಡ್ಡ ಗುಣ. ಬೆರಳಿಟ್ಟು ಓದುತ್ತಾ ಹೋದೆ. ಸೊಕ್ಕು. ಸರಿ, ಸೊಕ್ಕಿನಿಂದ ನಡೆದೆ. ಸೊಗಸು. ಸೊಗಸಾಗಿ ನಡೆದೆ. ಸೊರಗು. ಹೊತ್ತು ಮುಳುಗುವಷ್ಟರಲ್ಲಿ ಅದಕ್ಕೆ ನಟನೆಯೇ ಬೇಕಾಗಿರಲಿಲ್ಲ. ಸೊಪ್ಪು, ಸೊಳ್ಳೆ ಇಂಥವನ್ನು ಬಿಟ್ಟೆ.

ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮನೆಗೆ ಹೋದೆ. ಉಳಿದದ್ದು ಅರ್ಧ ದಿನ. ಬೀದಿಯುದ್ದಕ್ಕೂ ನನ್ನನ್ನೇ ಬೈದುಕೊಳ್ಳುತ್ತಾ ಹೋಗಿ, ಚಪ್ಪಲಿ ಒದ್ದು ಬಿಟ್ಟು, ಅತ್ತೆಯ ಕೋಣೆಗೆ ನಡೆದೆ. ಅವರು ದಿಂಬಿನ ಮೇಲೆ ಕಾಲು ಚಾಚಿಕೊಂಡು ಕಣ್ಣು ಮುಚ್ಚಿದ್ದರು. ಕಣ್ಣು ತೆರೆಯದೆಯೇ ಮಾತಾಡಿದರು.

"ಕೆಲಸ ಕೆಟ್ಟಿದೆ."

"ಇಲ್ಲ ಅತ್ತೆ, ಎಲ್ಲ ಸಲೀಸು."

"ಮೂರು ದಿನದಿಂದ ನಿನ್ನ ಬಾಯಿ ಸಲೀಸು ಅಂತಿದೆ, ಕಾಲು ಬೇರೆ ಏನೋ ಹೇಳ್ತಿದೆ. ನಾನು ಯಾವುದನ್ನ ನಂಬಲಿ?"

ನಾನು ಮಂಚದ ತುದಿಯಲ್ಲಿ ಕುಸಿದು ಕೂತೆ. ಶುಕ್ರವಾರದ ಕಲಾವಿದರ ವಿಷಯ, ಐದು ರೀಲು ತೆಗೆದು ಹಾಕುವ ವಿಷಯ, ಎಲ್ಲ ಹೇಳಿಬಿಟ್ಟೆ. ಹೇಳುತ್ತಾ ಅತ್ತೂ ಬಿಟ್ಟೆ. ಅತ್ತೆಯ ಮುಖದಲ್ಲಿ ಬಣ್ಣ ಇಳಿದದ್ದು ಕಂಡಿತು. ಕೊನೆಗೆ ನಾನೇ ಕೇಳಿದೆ.

"ಅಂಚಲ್ಲಿ ಸೊ ಅಂತ ಬರೆದಿದೀರಲ್ಲ, ಹಾಗಂದ್ರೇನು? ಸೊಟ್ಟಗೆ ನಡೆದು ನೋಡಿದೆ, ಸೊಂಟದಿಂದ ನಡೆದು ನೋಡಿದೆ, ಸೊಕ್ಕು ಮಾಡಿ ನೋಡಿದೆ."

ಅತ್ತೆ ಕಣ್ಣು ತೆರೆದು ನನ್ನನ್ನು ನೋಡಿದರು. ಆಮೇಲೆ ನಗು ಶುರುವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು, ನಕ್ಕದ್ದಕ್ಕೆ ಮೊಣಕಾಲು ನೋವಾಗಿ ಅಯ್ಯೋ ಎಂದರು, ಅಯ್ಯೋ ಎಂದು ಮತ್ತೆ ನಕ್ಕರು.

"ಸೊಸೆ" ಎಂದರು.

ನನಗೆ ಅರ್ಥವಾಗಲಿಲ್ಲ. ನನ್ನನ್ನು ಕರೆಯುತ್ತಿದ್ದಾರೆ ಎಂದುಕೊಂಡು "ಏನು?" ಎಂದೆ.

"ಸೊ ಅಂದ್ರೆ ಸೊಸೆ. ಆ ನರ್ಸು ನಡೆಯೋದು ನಿನ್ನ ಹಾಗೆ. ಐದು ರೀಲು ನಾನು ನಿನ್ನ ಹಾಗೆ ನಡೆದೆ, ನೀನು ಹೋಗಿ ನನ್ನ ಹಾಗೆ ನಡೆದ್ರೆ ಅದು ಹೇಗೆ ಕೂಡುತ್ತೆ?"

ನಿಘಂಟಿನಲ್ಲಿ ಆ ಪದವೂ ಇತ್ತು. ಅದರ ಮೇಲೆ ಬೆರಳಿಟ್ಟು ದಾಟಿ ಹೋಗಿದ್ದೆ.

"ನನ್ನ ನಡಿಗೇಲಿ ಅಂಥದ್ದೇನಿದೆ?" ಎಂದು ಕೇಳಿದೆ. ಕೇಳುವಾಗ ಸ್ವಲ್ಪ ಸಿಟ್ಟೂ ಬಂದಿತ್ತು. ಹೇಳದೆ ಕೇಳದೆ ನನ್ನ ಕಾಲು ಕದ್ದವರ ಮೇಲೆ ಇನ್ನೇನು ಬರಬೇಕು?

"ಭರಭರ ಅಂತ ಬರ್ತೀಯ, ಜಗಳಕ್ಕೆ ಹೊರಟವಳ ಹಾಗೆ. ಹಿಮ್ಮಡಿ ಮೊದಲು. ಆದ್ರೆ ಬಾಗಿಲ ಹತ್ರ ಬಂದಾಗ ಅರ್ಧ ಹೆಜ್ಜೆ ನಿಲ್ತೀಯ. ಯಾವ ಕೋಣೆಯಾದ್ರೂ ಸರಿ. ನಿಂತು, ಆಮೇಲೆ ಒಳಗೆ. ಈಗಲೂ ನಿಂತೆ. ನಿನಗೆ ಗೊತ್ತೇ ಇಲ್ವಾ?"

ಗೊತ್ತಿರಲಿಲ್ಲ. ಹೆಜ್ಜೆ ಸದ್ದಿನ ಪಟ್ಟಿ ಬರೆದೇ ಬದುಕುವ ನನಗೆ ನನ್ನ ಕಾಲಿನ ಸುದ್ದಿ ಗೊತ್ತಿರಲಿಲ್ಲ.

ಅತ್ತೆ ಮಂಚದ ಅಂಚು ಹಿಡಿದು ಸ್ವಲ್ಪ ಮೇಲೆ ಸರಿದು ಕೂತರು. "ನೀನು ಈ ಮನೆಗೆ ಬಂದ ಮೊದಲನೇ ಬೆಳಿಗ್ಗೆ ನೆನಪಿದೆಯಾ? ನಾನು ಅಡುಗೆಮನೇಲಿ ಪೇಪರ್ ಮುದುರ್ತಾ ಬೆಂಕಿ ಸದ್ದು ಬರುತ್ತಾ ಅಂತ ನೋಡ್ತಿದ್ದೆ. ನೀನು ಬಾಗಿಲಲ್ಲಿ ಬಂದು ನಿಂತೆ. ನನಗೆ ಕೇಳಿಸ್ತು. ಅವಳ ಮನೆಗೆ ಅವಳನ್ನ ಬಾ ಅಂತ ಕರೆಯೋದೇನು, ತಾನೇ ಬರ್ತಾಳೆ ಅಂತ ಸುಮ್ಮನಿದ್ದೆ. ನೀನು ಬಹಳ ಹೊತ್ತು ನಿಂತೆ. ಆಮೇಲೆ ಬಂದೆ ನಿಜ, ಆದ್ರೆ ಆ ನಿಲ್ಲೋದು ನಿನ್ನ ಕಾಲಲ್ಲಿ ಉಳ್ಕೊಂಡುಬಿಡ್ತು. ಕರೀಬೇಕಿತ್ತು ಅಂತ ನನಗೆ ತಿಳಿಯೋ ಹೊತ್ತಿಗೆ ವರ್ಷ ಆಗಿತ್ತು. ವರ್ಷ ಆದ ಮೇಲೆ ಸೊಸೇನ ನಿಲ್ಲಿಸಿ ಅಡುಗೆಮನೆ ಒಳಗೆ ಬಾ ಅಂದ್ರೆ ಅತ್ತೆಗೆ ತಲೆ ಕೆಟ್ಟಿದೆ ಅಂತಿದ್ದೆ ನೀನು."

ಆ ಬೆಳಿಗ್ಗೆ ನನಗೆ ಚೆನ್ನಾಗಿಯೇ ನೆನಪಿತ್ತು. ಬೆನ್ನು ತಿರುಗಿಸಿ ನಿಂತ ಹೆಂಗಸು, ನಾನು ಬಂದದ್ದು ಬೇಕಿಲ್ಲದ ಹೆಂಗಸು ಎಂದುಕೊಂಡಿದ್ದೆ. ಎರಡು ವರ್ಷ ಆ ಸಿಟ್ಟು ಇಟ್ಟುಕೊಂಡಿದ್ದೆ. ಆಮೇಲೆ ಸಿಟ್ಟು ಕರಗಿತು, ಕೆಲಸ ಒಟ್ಟಿಗೆ ಶುರುವಾಯಿತು, ಇವರ ಜೊತೆ ನಗುವುದು ಅಭ್ಯಾಸವಾಯಿತು. ಕಾಲಿಗೆ ಮಾತ್ರ ಯಾರೂ ಸುದ್ದಿ ತಲುಪಿಸಿರಲಿಲ್ಲ.

ಚೀಲದಿಂದ ಪಟ್ಟಿ ತೆಗೆದೆ. ಕೊನೆಯ ರೀಲಿನ ಕೊನೆಯ ಸಾಲಿನಲ್ಲಿ, ನರ್ಸು ಮುದುಕಿಯ ಕೋಣೆಗೆ ಬರುವ ಕಡೆ, "ಸೊ" ಇರಲಿಲ್ಲ. ಅಲ್ಲಿ "ಮ" ಎಂದು ಬರೆದಿತ್ತು. ಅಷ್ಟು ಹೊತ್ತಿಗೆ ನಾನು ಪೂರ್ತಿ ನೆನೆದ ಅರಿವೆಯಾಗಿದ್ದೆ.

"ಇದು... ಮಗಳು ಅಂತಾನಾ ಅತ್ತೆ?"

"ಮರ" ಎಂದರು ಅತ್ತೆ. "ಆ ಕೋಣೆ ನೆಲ ಮರದ್ದು. ಸರಿಯಾಗಿ ನೋಡಲ್ವಾ ಸಿನಿಮಾನ?" ನನ್ನ ಮುಖ ನೋಡಿ ಕರುಣೆ ಬಂದಿರಬೇಕು, ದನಿ ಇಳಿಸಿದರು. "ನನಗಿರೋದು ಒಬ್ಬ ಮಗ, ಅವನು ನಡೆದ್ರೆ ಸದ್ದೇ ಬರಲ್ಲ. ಮಗಳು ಹೇಗೆ ನಡೀತಾಳೆ ಅಂತ ನನಗೇನು ಗೊತ್ತು? ಸೊಸೆ ಹೇಗೆ ನಡೀತಾಳೆ ಅಂತ ಗೊತ್ತು. ಹನ್ನೊಂದು ವರ್ಷ ಕೇಳಿದೀನಿ."

ಯಾವ ಮಗಳಿಗೂ ಅದಕ್ಕಿಂತ ಹೆಚ್ಚಿನದು ಸಿಕ್ಕಿರಲಾರದು ಎಂದು ಆ ಕ್ಷಣ ನನಗೆ ಅನಿಸಿತು, ಈಗಲೂ ಅನಿಸುತ್ತದೆ.

ಆಮೇಲೆ ಅತ್ತೆ ಹಟ ಹಿಡಿದರು, ತಾನೂ ಬರುತ್ತೇನೆ ಎಂದು. ಡಾಕ್ಟರು ಹೇಳಿದ್ದು ಕಾಲೂರಬೇಡಿ ಎಂದು, ಕಿವಿಯೂರಬೇಡಿ ಎಂದಲ್ಲವಂತೆ. ನಮ್ಮವರು ಅರ್ಧ ದಿನ ರಜೆ ಹಾಕಿ ಬಂದು, ಅಮ್ಮನನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಕೂರಿಸಿದರು. ಗಾಜಿನ ಆಚೆ ಸೈಲೆನ್ಸಣ್ಣನ ಪಕ್ಕ, ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು, ಹೆಡ್‌ಫೋನ್ ಹಾಕಿಕೊಂಡು ಅತ್ತೆ ರಾಣಿಯ ಹಾಗೆ ಕೂತರು.

ನಾನು ನಾನಾಗಿ ನಡೆದೆ. ಇಷ್ಟು ಸುಲಭದ ಕೆಲಸ ಜೀವನದಲ್ಲಿ ಮಾಡಿರಲಿಲ್ಲ, ಇಷ್ಟು ಕಷ್ಟದ್ದೂ ಮಾಡಿರಲಿಲ್ಲ. ಪರದೆಯ ಮೇಲೆ ನರ್ಸು ಔಷಧಿ ತಟ್ಟೆ ಹಿಡಿದು ಬರುತ್ತಾಳೆ. ನಾನು ಒಲೆಯ ಮೇಲೆ ಹಾಲಿಟ್ಟು ಮರೆತವಳ ಹಾಗೆ ಬಂದೆ. ಬಾಗಿಲ ಬಳಿ ಕಾಲು ತಾನಾಗಿ ಅರ್ಧ ಹೆಜ್ಜೆ ನಿಂತಿತು. ನಿಂತದ್ದು ಮೊದಲ ಸಲ ನನಗೇ ಕೇಳಿಸಿತು. ಸೈಲೆನ್ಸಣ್ಣ ಜೋಡಿಸಿ ನೋಡಿ ಗಾಜಿನ ಆಚೆಯಿಂದ ಎರಡೂ ಹೆಬ್ಬೆರಳೆತ್ತಿದ. ಮೆಟ್ಟಿಲು ಮುಗಿಯಿತು, ಆರು ಮುಗಿಯಿತು, ಏಳು ಮುಗಿಯಿತು. ನಿರ್ದೇಶಕರು ಕೂತಿದ್ದವರು ಎದ್ದು ನಿಂತು ಕೇಳತೊಡಗಿದರು.

ಕೊನೆಯ ಸಾಲಿಗೆ ಬಂದಾಗ ಎಡವಟ್ಟಾಯಿತು. ಆ ದೃಶ್ಯದಲ್ಲಿ ನರ್ಸು ಬಾಗಿಲಲ್ಲಿ ನಿಲ್ಲುವುದಿಲ್ಲ. ಆ ಮನೆಯಲ್ಲಿ ಅವಳು ಹೊರಗಿನವಳಾಗಿ ಉಳಿದಿಲ್ಲ, ಕಥೆಯಿರುವುದೇ ಅದರಲ್ಲಿ. ಅತ್ತೆ ಒಂದನೇ ರೀಲಿನಿಂದ ಆ ಅರ್ಧ ಹೆಜ್ಜೆಯನ್ನು ಚೂರು ಚೂರೇ ಸಣ್ಣದು ಮಾಡುತ್ತಾ ತಂದದ್ದು ಈ ಒಂದು ಗಳಿಗೆಗಾಗಿ. ನಿರ್ದೇಶಕರು ಕಾಲೇ ಹೇಳಬೇಕು ಎಂದದ್ದು ಇದನ್ನೇ. ನಾನು ಮರದ ಚೌಕದ ಮುಂದೆ, ಹಿಂದೆ ಕೋಣೆಯಿಲ್ಲದ ಆ ಬಾಗಿಲಿನ ಹೊಸ್ತಿಲಿಗೆ ಬಂದೆ. ಕಾಲು ನಿಂತಿತು.

ಇನ್ನೊಮ್ಮೆ. ನಿಂತಿತು. ನಿಲ್ಲಬಾರದು ಎಂದು ಹಲ್ಲು ಕಚ್ಚಿ ಬಂದರೆ ಹೆಜ್ಜೆ ನೆಗೆದ ಹಾಗಾಯಿತು. ಏಳು ಸಲ, ಎಂಟು ಸಲ. ಹೊರಗೆ ಹೊತ್ತಿಳಿಯುತ್ತಿತ್ತು. ನಿರ್ದೇಶಕರು ಗಡಿಯಾರ ನೋಡುವುದನ್ನು ನಾನು ನೋಡಿದೆ. ಇದೊಂದು ಕೂಡದಿದ್ದರೆ ಉಳಿದದ್ದೆಲ್ಲ ಕೂಡಿಯೂ ಪ್ರಯೋಜನವಿಲ್ಲ. ನನಗೆ ಕಾಲಿಗೆ ಬುದ್ಧಿ ಹೇಳಿ ಅಲ್ಲಿಂದ ಓಡಿಬಿಡೋಣ ಎನಿಸಿತ್ತು.

ಒಂಬತ್ತನೇ ಸಲ ನಡೆದು ಬಂದೆ. ಹೊಸ್ತಿಲಿಗೆ ಇನ್ನೆರಡು ಹೆಜ್ಜೆ ಇರುವಾಗ ಗೋಡೆಯ ಸ್ಪೀಕರಿನಲ್ಲಿ ಅತ್ತೆಯ ದನಿ ಕೇಳಿಸಿತು.

"ಬಾ."

ಜೋರಾಗಿಯೂ ಅಲ್ಲ, ಮೆತ್ತಗೂ ಅಲ್ಲ. ಅಡುಗೆಮನೆಯಲ್ಲಿ ಕೈ ತುಂಬ ಕೆಲಸ ಇಟ್ಟುಕೊಂಡವರು ತಿರುಗಿ ನೋಡದೆ ಹೇಳುವ ಹಾಗೆ. ನಾನು ಹೋದೆ. ಹೊಸ್ತಿಲು ದಾಟಿ ಮರದ ಮೇಲೆ ಮೂರು ಹೆಜ್ಜೆ ಇಟ್ಟ ಮೇಲೆಯೇ ದಾಟಿದ್ದು ಗೊತ್ತಾಯಿತು.

ಆಮೇಲೆ ಸೈಲೆನ್ಸಣ್ಣ ಮೂಗು ಸೀಟಿಕೊಂಡು, "ಅಮ್ಮಾ, ನಿಮ್ಮ ಬಾ ಕೂಡ ರೆಕಾರ್ಡ್ ಆಗಿದೆ. ಹೊಸ್ತಿಲಿನ ಹೆಜ್ಜೆಗಿಂತ ಮೊದಲಿದೆ, ಕತ್ತರಿಸಿ ತೆಗೀಬಹುದು" ಎಂದ.

"ತೆಗಿ" ಎಂದರು ಅತ್ತೆ. "ಸಿನಿಮಾಗೆ ಬೇಡ."

ನಿರ್ದೇಶಕರು ಫೋನ್ ತೆಗೆದುಕೊಂಡು ಹೊರಗೆ ಹೋದರು. ಅಮ್ಮನ ಐದು ರೀಲು ಹಾಗೇ ಇರುತ್ತದೆ, ಶುಕ್ರವಾರ ಬರುವುದು ಬೇಡ ಎಂದು ಆ ಕಲಾವಿದರಿಗೆ ಹೇಳುತ್ತಿದ್ದದ್ದು ಅರ್ಧ ತೆರೆದ ಬಾಗಿಲಿನಿಂದ ನಮಗೆಲ್ಲ ಕೇಳಿಸಿತು. ನಾನು ಬಿಗಿ ಶೂ ಕಳಚಿ, ಬರಿಗಾಲಲ್ಲಿ ಅತ್ತೆಯ ಪಕ್ಕ ಹೋಗಿ ನೆಲದ ಮೇಲೆ ಕೂತೆ. ನಮ್ಮ ಮನೆಯಲ್ಲಿ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳುವ ರೂಢಿಯಿಲ್ಲ. ಅದು ಅಂಗಡಿಯವರಿಗೆ ಹೇಳುವ ಮಾತು. ಆದರೆ ಅವತ್ತು ಹೇಳದಿದ್ದರೆ ನನ್ನ ಎದೆ ಒಡೆದುಹೋಗುತ್ತಿತ್ತು.

"ಅತ್ತೆ, ನನ್ನ ನಡಿಗೆ ಇಷ್ಟು ವರ್ಷ ಯಾರಾದ್ರೂ ಕೇಳಿಸ್ಕೊಂಡಿದ್ರು ಅನ್ನೋದೇ ನನಗೆ ಸಾಕು. ನನ್ನ ತಾಯಿಗೂ ಇದು ಗೊತ್ತಿರಲಿಲ್ಲ. ನಾನು ನಿಮ್ಮ ಋಣದಲ್ಲಿದೀನಿ."

"ಸುಮ್ಮನೆ ಕೂತ್ಕೋ, ಕೇಳ್ತಿದೀನಿ" ಎಂದರು ಅತ್ತೆ. ಆದರೆ ಅವರ ಕೈ ನನ್ನ ತಲೆಯ ಮೇಲೆ ಬಂದು ಅಲ್ಲೇ ಉಳಿಯಿತು.

ಸೈಲೆನ್ಸಣ್ಣ ನರ್ಸಿನ ಹೆಜ್ಜೆಯನ್ನೆಲ್ಲ ಮೊದಲಿನಿಂದ ಹಾಕಿದ್ದ. ಕಲ್ಲಿನ ನೆಲ, ಸಿಮೆಂಟು, ಮೆಟ್ಟಿಲು, ಒಂದಾದ ಮೇಲೊಂದು ಬಾಗಿಲು. ಅತ್ತೆ ಹೆಡ್‌ಫೋನಿನ ಒಂದು ಕಡೆ ನನ್ನ ಕಿವಿಗೆ ಕೊಟ್ಟರು. ಒಬ್ಬಳೇ ಹೆಂಗಸು ಆ ಮನೆಯ ತುಂಬ ನಡೆಯುತ್ತಿದ್ದಳು. ಬಹಳ ಹೊತ್ತು ಕೇಳಿದ ಮೇಲೆ ಅತ್ತೆ ಹುಬ್ಬು ಗಂಟಿಕ್ಕಿದರು.

"ಈಗ ನಡೀತಿರೋದು ನಾನಾ, ನೀನಾ?"

ನಲವತ್ತು ವರ್ಷದಲ್ಲಿ ಯಾರ ಹೆಜ್ಜೆಯನ್ನೂ ತಪ್ಪಾಗಿ ಗುರುತಿಸದವರು ನಿಜವಾಗಿಯೂ ಗೊತ್ತಾಗದೆ ಕೇಳುತ್ತಿದ್ದರು. ಪಟ್ಟಿ ನನ್ನ ತೊಡೆಯ ಮೇಲೇ ಇತ್ತು. ನಿಮಿಷ ನೋಡಿದರೆ ಹೇಳಬಹುದಿತ್ತು.

"ಗೊತ್ತಿಲ್ಲ ಅತ್ತೆ" ಎಂದೆ. ನೋಡಲಿಲ್ಲ.